ಹಸಿ ಚಕ್ಕೆ, ಹಸಿರು ಚಕ್ಕೆ

ಓರಗಿತ್ತಿಯ ಹಣ್ಣು ಅತ್ತೆಯ ಹೂಜಿಗೆ ಬಿದ್ದ ದಿನದಿಂದ ಎರ್ಮಿಂದಾಳಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

ಪುರೆನ್ ಊರಿನ ಮೇಲಿನ ಗುಡ್ಡಗಳಲ್ಲಿ ಬಿಳಿ ಸ್ಟ್ರಾಬೆರಿ ಬೆಳೆಯುವ ಮನೆಗಳಿಗೆ ಜನವರಿಯ ಸಂತ ಸೆಬಾಸ್ತಿಯಾನನ ಹಬ್ಬವೆಂದರೆ ಹೂಜಿಯ ಹಬ್ಬ. ಬಿಳಿ ವೈನ್ ತುಂಬಿದ ಮಣ್ಣಿನ ಹೂಜಿಗೆ ಹೆಚ್ಚಿದ ಹಣ್ಣು, ಒಂದು ಹಿಡಿ ಸಕ್ಕರೆ ಹಾಕಿ ತಂಪಿನಲ್ಲಿಟ್ಟು, ಊಟಕ್ಕೆ ಮುಂಚೆ ಮನೆಯ ಹಿರಿಯಳು ಎಲ್ಲರಿಗೂ ಬಗ್ಗಿಸಿಕೊಡಬೇಕು. ಈ ಮನೆಯ ಹಿರಿಯಳು ದೋನ್ಯಾ ಸೆಲ್ಮಿರಾ. ಸೊಸೆಯರಿಬ್ಬರ ಬಾಯಲ್ಲೂ ಮಾಮಿತಾ. ಹಿರಿಮಗ ಎವರಿಸ್ತೋನನ್ನು ಮದುವೆಯಾಗಿ ಎರ್ಮಿಂದಾ ಕಾಲಿಟ್ಟ ವರ್ಷದಿಂದಲೂ ಹೂಜಿಗೆ ಬೀಳುತ್ತಿದ್ದದ್ದು ಅವಳ ಸಾಲಿನ ಹಣ್ಣೇ. ಕಿರಿಮಗ ಬೆಲಾರ್ಮಿನೋ ನೋಲ್ಫಾಳನ್ನು ಕಟ್ಟಿಕೊಂಡು ಬಂದ ಮೇಲೂ ಅದು ತಪ್ಪಿರಲಿಲ್ಲ. ಹೋದ ವರ್ಷ ತಪ್ಪಿತು. ಮಾಮಿತಾ ಎರಡೂ ಬಟ್ಟಲುಗಳನ್ನು ಮೂಗಿಗೆ ಹಿಡಿದು ನೋಡಿದಳು. ಎರ್ಮಿಂದಾಳ ಬಟ್ಟಲನ್ನು ಮೇಜಿನ ಮೇಲಿಟ್ಟಳು, ನೋಲ್ಫಾಳದ್ದನ್ನು ಹೂಜಿಗೆ ಸುರಿದಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೂ ಎರ್ಮಿಂದಾ ತಡೆದುಕೊಳ್ಳುತ್ತಿದ್ದಳೇನೋ. ಸಾಲದ್ದಕ್ಕೆ ಅವಳ ಸ್ವಂತ ಗಂಡನೇ ಎರಡನೇ ಲೋಟ ಚಾಚಿ, “ಈ ಸಲ ಘಮ ಜೋರಾಗಿದೆ” ಎಂದುಬಿಟ್ಟ. ಆ ವಾರವೆಲ್ಲ ಅವನಿಗೆ ಅವಳು ಹೊತ್ತಿದ ರೊಟ್ಟಿಯನ್ನೇ ಹಾಕಿದಳು.

ನೋಲ್ಫಾಳ ಹಣ್ಣು ನಿಜಕ್ಕೂ ಚೆನ್ನಾಗಿತ್ತು, ತೊಂದರೆಯಿದ್ದದ್ದೇ ಅಲ್ಲಿ. ಕೆಟ್ಟ ಹಣ್ಣು ಗೆದ್ದಿದ್ದರೆ ಅತ್ತೆಗೆ ಅರಳುಮರಳು ಎಂದುಕೊಂಡು ಸುಮ್ಮನಾಗಬಹುದಿತ್ತು. ಈ ಹಣ್ಣಿನ ಮೈ ಬಿಳಿ, ಬೀಜ ಮಾತ್ರ ಕೆಂಪು. ಒಂದು ಹನಿ ಕೆಸರು ಸಿಡಿದರೂ ಎದ್ದು ಕಾಣುತ್ತದೆ. ತೊಳೆಯುವ ಹಾಗೂ ಇಲ್ಲ. ನೀರು ಬಿದ್ದರೆ ಪರಿಮಳ ಹೋಗುತ್ತದೆಂದು ಆ ಗುಡ್ಡಗಳಲ್ಲಿ ಯಾರೂ ಅದನ್ನು ತೊಳೆಯುವುದಿಲ್ಲ. ಗಿಡದಿಂದ ಕಿತ್ತು ನೇರ ಬಾಯಿಗೆ. ನೋಲ್ಫಾ ತನ್ನ ಸಾಲುಗಳಿಗೆ ಮರದ ಚಕ್ಕೆಯ ಹೊದಿಕೆ ಹಾಸಿದ್ದಳು. ಕಳೆ ಏಳಲಿಲ್ಲ, ಅಲ್ಲಿ ನಡುಬೇಸಿಗೆಯಾದ ಜನವರಿಯ ಬಿಸಿಲಿಗೂ ಬುಡ ಒಣಗಲಿಲ್ಲ, ಹಣ್ಣು ಚಕ್ಕೆಯ ಮೇಲೆ ಒರಗಿ ಮಣ್ಣು ಸೋಕದೆ ಮಾಗಿತು. ಎರ್ಮಿಂದಾಳ ಸಾಲಿನಲ್ಲಿದ್ದದ್ದು ಹಿಂದಿನಿಂದ ಬಂದ ಗೋಧಿ ಹುಲ್ಲು. ಅದು ಗಾಳಿಗೆ ಹಾರಿ ಹೋಗುತ್ತಿತ್ತು, ಹೆಚ್ಚಿನಂಶ ನೋಲ್ಫಾಳ ಕಡೆಗೇ ಹಾರುತ್ತಿತ್ತು.

ಈ ವರ್ಷ ಹೂಜಿಯನ್ನು ವಾಪಸು ಗೆಲ್ಲದಿದ್ದರೆ ತಾನು ಆ ಮನೆಯ ಹಿರಿಸೊಸೆಯೇ ಅಲ್ಲವೆಂದು ಎರ್ಮಿಂದಾ ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದಳು. ಡಿಸೆಂಬರಿನ ಒಂದು ಸಂಜೆ ಇಬ್ಬರೂ ಬೇಲಿಯ ಪಕ್ಕ ಕೂತು ಮಾತೆ ಎಂಬ ಎಲೆಯ ಕಷಾಯ ಹೀರುತ್ತಿದ್ದಾಗ, ಏನೂ ಗೊತ್ತಿಲ್ಲದವಳ ಹಾಗೆ ಬಾಯಿ ಹಾಕಿದಳು.

“ಅಲ್ವೇ ನೋಲ್ಫಾ, ಆ ಬುಡಕ್ಕೆ ಏನೋ ಹಾಕಿದ್ದೀಯಲ್ಲ, ಏನದು?”

“ಏನಿಲ್ಲ ಅಕ್ಕಾ. ಪೈನ್ ಮರದ ಚಕ್ಕೆ.”

“ಬರೀ ಚಕ್ಕೆ?”

“ಬರೀ ಚಕ್ಕೆ. ವೆರ್ದೆ ಆಗಿರ್ಬೇಕು, ಅಷ್ಟೇ.”

ಅವರ ಭಾಷೆಯಲ್ಲಿ ಹಸಿ ಮರಕ್ಕೂ ಹಸಿರು ಬಣ್ಣಕ್ಕೂ ಇರುವುದು ಅದೊಂದೇ ಪದ, ವೆರ್ದೆ. ನೋಲ್ಫಾ ಹೇಳಿದ್ದು ಈಗಷ್ಟೇ ಕಡಿದ ಹಸಿ ಮರದ ಚಕ್ಕೆಯ ಮಾತು. ಬೇರೆ ಯಾರು ಹೇಳಿದ್ದರೂ ಎರ್ಮಿಂದಾ ಹಾಗೆಯೇ ಅರ್ಥ ಮಾಡಿಕೊಳ್ಳುತ್ತಿದ್ದಳು. ಆದರೆ ಹೇಳಿದವಳು ಓರಗಿತ್ತಿ. ಗೆದ್ದ ಹೆಂಗಸು ತನ್ನ ಗುಟ್ಟನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುತ್ತಾಳೆಯೇ? ಇದರಲ್ಲಿ ಏನೋ ಇದೆ, ಅರ್ಧ ಹೇಳಿ ಅರ್ಧ ನುಂಗಿದ್ದಾಳೆ ಎಂದು ಅವಳ ಮನಸ್ಸು ಕೆರೆಯುತ್ತಲೇ ಇತ್ತು. ನೋಲ್ಫಾಳ ಚಕ್ಕೆಯನ್ನು ನೋಡಿ ತಿಳಿಯೋಣವೆಂದರೆ ಅದು ಒಂದು ಮಳೆಗಾಲ ಕಂಡು ಬೂದಿ ಬಣ್ಣಕ್ಕೆ ತಿರುಗಿತ್ತು.

ಲುಮಾಕೊ ದಾರಿಯ ಬದಿಯಲ್ಲಿ, ನೋಲ್ಫಾಳ ತವರಿನ ಪಕ್ಕ, ಒಂದು ಕಂಬದ ಡಿಪೋ ಇತ್ತು. ಬೇಲಿಗೆ, ದ್ರಾಕ್ಷಿ ತೋಟಕ್ಕೆ ಬೇಕಾದ ಕಂಬ ಮಾರುವ ಜಾಗ. ಮಾರನೇ ದಿನ ಎರ್ಮಿಂದಾ ಅಲ್ಲಿ ಬಸ್ಸಿಳಿದಾಗ ಎರಡು ಗುಡ್ಡೆ ಚಕ್ಕೆ ಕಂಡವು. ಒಂದು ಬೆಣ್ಣೆ ಬಣ್ಣದ್ದು. ಇನ್ನೊಂದು ತೆಳು ಹಸಿರು. ಓಹೋ, ವೆರ್ದೆ ಎಂದರೆ ಇದಾ! ಕಳ್ಳಿ, ನಿಜವನ್ನೇ ಹೇಳಿ ದಾರಿ ತಪ್ಪಿಸಲು ನೋಡಿದಳಲ್ಲ! ಹಸಿರು ಬಣ್ಣದ ಕಂಬಗಳನ್ನು ಅವಳೂ ಊರ ತುಂಬ ಕಂಡಿದ್ದಳು. ಆದರೆ ಅವಳ ಮನೆಯ ಬೇಲಿಯೆಲ್ಲ ಮಾವನ ಕಾಲದ ಓಕ್ ಕಂಬ. ಈಗಿನವರು ಅಂದಕ್ಕೆ ಬಣ್ಣ ಹೊಡೆಸುತ್ತಾರೆ ಎಂದೇ ಅವಳು ತಿಳಿದಿದ್ದಳು.

ಡಿಪೋ ನೋಡಿಕೊಳ್ಳುವ ದೋನ್ ತುಲಿಯೋ ಟೊಪ್ಪಿ ಹಿಂದಕ್ಕೆ ತಳ್ಳಿ ಬಂದ. “ಏನಮ್ಮಾ, ಯಾವ್ದು ಬೇಕು? ಯಾತಕ್ಕೆ?”

ಎರ್ಮಿಂದಾ ಅತ್ತಿತ್ತ ನೋಡಿದಳು. ಸ್ಟ್ರಾಬೆರಿಗೆ ಎಂದರೆ ಸಂಜೆಯೊಳಗೆ ಆ ಮಾತು ಉಪ್ಪುಖಾರ ಹಚ್ಚಿಕೊಂಡು ನೋಲ್ಫಾಳ ಅಡುಗೆಮನೆ ಸೇರುತ್ತದೆ. ಹಿರಿಸೊಸೆ ಕಿರಿಸೊಸೆಯನ್ನು ನೋಡಿ ಕಲಿಯುತ್ತಿದ್ದಾಳೆ ಎಂದು ಪುರೆನ್ ಪೂರ್ತಿ ನಗುತ್ತದೆ.

“ದಾರಿಗೆ,” ಎಂದಳು. “ಗೇಟಿಂದ ಬಾಗ್ಲು ತನಕ ಬರೀ ಕೆಸರು. ಆ ವೆರ್ದೆ ಕೊಡಿ.”

“ದಾರಿಗಾದ್ರೆ ಇದೇ ಸರಿ. ಮುರಿದ ಕಂಬ ಪುಡಿ ಮಾಡಿದ್ದು. ವರ್ಷಗಟ್ಟಲೆ ಕೊಳೆಯಲ್ಲ, ಒಂದು ಹುಳಾನೂ ಮುಟ್ಟಲ್ಲ.”

ಹುಳವೂ ಮುಟ್ಟುವುದಿಲ್ಲ! ಎರ್ಮಿಂದಾ ಮನೆ ಸೇರುವ ತನಕ ಆ ಮಾತನ್ನೇ ಚಪ್ಪರಿಸಿದಳು.

ಬೇಲಿಯ ಪಕ್ಕದ ಮೇಲಿನ ಸಾಲು ತಡವಾಗಿ ಹಣ್ಣು ಬಿಡುವಂಥದ್ದು. ಆಗಷ್ಟೇ ಹೂವು ಕಾಯಿಗೆ ತಿರುಗುತ್ತಿತ್ತು. ಅವಳು ಒಬ್ಬಳೇ ಬಗ್ಗಿ ಪ್ರತಿ ಬುಡಕ್ಕೂ ಚಕ್ಕೆ ಹಾಸಿದಳು. ಎವರಿಸ್ತೋ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಇದೇನೇ ಇದು, ಪಾಚಿ ಬಣ್ಣ?”

“ನಿನಗೆ ಹೂಜಿ ತುಂಬಿದ್ರೆ ಸಾಕು. ಬಣ್ಣದ ಉಸಾಬರಿ ಯಾಕೆ? ಹಬ್ಬದ ತನಕ ಈ ಸಾಲಿಂದ ಒಂದು ಹಣ್ಣು ಬಾಯಿಗೆ ಹಾಕಿದ್ಯೋ, ಆಮೇಲೆ ನಿನ್ನ ಬಟ್ಟೆ ನೀನೇ ಒಗ್ಕೋ.”

ಬೇಲಿಯಾಚೆ ನೋಲ್ಫಾ ನಿಂತಿರುವುದು ಎರ್ಮಿಂದಾಳಿಗೆ ಕಂಡಿತು. ಅವಳು ನೋಡಲಿ ಎಂದೇ ಇನ್ನೊಂದು ಬೊಗಸೆ ಚಕ್ಕೆಯನ್ನು ಎತ್ತಿ ಸುರಿದಳು. ನೋಲ್ಫಾ ತಂತಿಯ ಸಂದಿನಲ್ಲಿ ಕೈ ತೂರಿಸಿ ಒಂದು ಚಕ್ಕೆ ಎತ್ತಿಕೊಂಡಳು, ಮಗುಚಿ ನೋಡಿದಳು, ಕೆಳಗಿಟ್ಟು ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

“ಅಕ್ಕಾ, ಇದನ್ನ ಎಲ್ಲಿಂದ ತಂದ್ರಿ?”

“ಸಿಕ್ತು.”

“ನಾನು ವೆರ್ದೆ ಅಂತ ಹೇಳಿದ್ದು...”

“ಹೂಂ, ನೀನೇ ಹೇಳಿದ್ದು. ಕಣ್ಣಿಗೆ ಕಾಣಿಸ್ತಿಲ್ವಾ? ವೆರ್ದೇನೇ ಇದೆ. ಯಾಕೆ, ಹೊಟ್ಟೆ ಉರೀತಾ? ಕಂಬದ ಡಿಪೋ ಪಕ್ಕ ಹೊಟ್ಟು ತಿಂದು ಬೆಳೆದೋಳು ನನಗೆ ಹಣ್ಣು ಬೆಳೆಯೋದು ಹೇಳ್ಕೊಡೋಕೆ ಬರ್ಬೇಡ.”

ನೋಲ್ಫಾಳ ಕಿವಿ ಕೆಂಪಾಯಿತು. “ಸರಿ ಅಕ್ಕಾ. ನಿಮಗೆ ಗೊತ್ತಿಲ್ಲದ್ದು ಏನಿದೆ?” ಎಂದು ಹೊರಟುಹೋದಳು. ಆ ಸಂಜೆ ಎರ್ಮಿಂದಾ ಹಾಡು ಗುನುಗುತ್ತ ರೊಟ್ಟಿ ಸುಟ್ಟಳು, ಒಂದೂ ಹೊತ್ತಲಿಲ್ಲ.

ಆಮೇಲಿನ ದಿನಗಳು ಸುಖದ ದಿನಗಳು. ಹಣ್ಣು ಒಂದೊಂದಾಗಿ ದಪ್ಪವಾದವು, ಬಿಳಿಚಿದವು, ತುದಿಗೆ ನಸುಗೆಂಪು ಏರಿತು. ಎರ್ಮಿಂದಾ ಬೆಳಿಗ್ಗೆ ಎದ್ದವಳೇ ತನ್ನ ಸಾಲು ನೋಡುತ್ತಿದ್ದಳು, ಆಮೇಲೆ ಬೇಲಿಯಾಚೆಯ ಸಾಲು ನೋಡುತ್ತಿದ್ದಳು, ಆಮೇಲಷ್ಟೇ ಮುಖ ತೊಳೆಯುವುದು. ನೋಲ್ಫಾ ಈಗ ಬೇಲಿಯ ಹತ್ತಿರ ಬರುತ್ತಿರಲಿಲ್ಲ. ಎದುರಾದರೆ ಬೇರೆ ಕಡೆ ನೋಡುತ್ತಿದ್ದಳು. ಉರಿದುಕೊಳ್ಳಲಿ ಎಂದು ಎರ್ಮಿಂದಾಳಿಗೆ ತಣ್ಣಗೆ ಅನ್ನಿಸುತ್ತಿತ್ತು. ಒಂದು ವರ್ಷ ತಾನು ಉರಿದಿಲ್ಲವೇ?

ಹಬ್ಬದ ಹಿಂದಿನ ದಿನ ಅವಳಿಗೆ ಆಸೆ ಹೆಚ್ಚಾಯಿತು. ಕೆಳಗಿನ ಸಾಲಿಗೂ ಚಕ್ಕೆ ಹಾಸಿದರೆ ನಾಳೆ ಬಂದವರ ಕಣ್ಣಿಗೆ ತೋಟವೆಲ್ಲ ಒಂದೇ ಸಮ ಕಾಣುತ್ತದೆ. ಮತ್ತೆ ಡಿಪೋಗೆ ಹೋದಳು.

“ಬನ್ನಿ ಅಮ್ಮಾ. ದಾರಿ ಹೇಗಾಯ್ತು?” ಎಂದ ದೋನ್ ತುಲಿಯೋ.

ಗೆಲುವು ಕೈಗೆ ಬಂದಂತೆಯೇ ಇದ್ದಾಗ ಯಾರಿಗೆ ಗುಟ್ಟು ಬೇಕು? ಅವಳು ನಕ್ಕಳು. “ದಾರಿಯೂ ಇಲ್ಲ, ಏನೂ ಇಲ್ಲ. ಅದನ್ನ ನನ್ನ ಬಿಳಿ ಸ್ಟ್ರಾಬೆರಿಗೆ ಹಾಕ್ದೆ. ನೀವೊಂದು ಸಲ ಬಂದು ನೋಡ್ಬೇಕು, ಹಣ್ಣು ಹೇಗಿದೆ ಅಂತ!”

ತುಲಿಯೋ ನಗಲಿಲ್ಲ. “ತಿನ್ನೋ ಹಣ್ಣಿಗಾ?”

“ಮತ್ತೆ ನೋಡೋ ಹಣ್ಣಿಗಾ?”

“ದೇವ್ರೇ! ಅದು ಮದ್ದು ಕುಡಿಸಿದ ಮರ ಕಣಮ್ಮಾ. ಕಂಬ ಕೊಳೀಬಾರ್ದು ಅಂತ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ಒತ್ತಿ ಕುಡಿಸ್ತಾರೆ. ಇಲಿ ಪಾಷಾಣ ಇದೆಯಲ್ಲ, ಆ ಆರ್ಸೆನಿಕ್. ಹಸಿರು ಬಂದಿರೋದು ಅದರಿಂದ್ಲೇ. ಕಂಬವಾಗಿ ನಿಂತಿದ್ರೆ ಅಷ್ಟಾಗಿ ಬಿಡಲ್ಲ. ಚಕ್ಕೆ ಮಾಡಿದ್ರೆ ಪ್ರತಿ ಮಳೆಗೂ ಮಣ್ಣಿಗೆ ಇಳಿಯತ್ತೆ, ಪುಡಿ ಹಣ್ಣಿಗೆ ಹತ್ತತ್ತೆ. ದಾರಿಗೆ ಅಂದ್ರಿ ಅಂತ ಕೊಟ್ಟೆ, ಅದನ್ನೂ ಕೊಡಬಾರ್ದಿತ್ತು. ಬಾಯಿಗೆ ಹೋಗೋದಕ್ಕೆ ಅಂದಿದ್ರೆ ಸತ್ರೂ ಕೊಡ್ತಿರಲಿಲ್ಲ.”

“ತಿಂದ್ರೆ ಸಾಯ್ತಾರಾ?”

“ಒಂದು ಹಣ್ಣಿಗೆ ಯಾರೂ ಸಾಯಲ್ಲ. ಆದ್ರೆ ಆ ಮಣ್ಣಲ್ಲಿ ಬೆಳೆದದ್ದನ್ನ ವರ್ಷಾನುಗಟ್ಟಲೆ ತಿನ್ನೋದು ಯಾತಕ್ಕೆ? ಅದೂ ತೊಳೀದೆ ತಿನ್ನೋ ಹಣ್ಣು! ಎಲ್ಲಾ ಬಳಿದು ತೆಗೀರಿ, ಮೇಲಿನ ಮಣ್ಣೂ ಸೇರಿ. ಸುಡೋಕೆ ಮಾತ್ರ ಹೋಗ್ಬೇಡಿ, ಹೊಗೆ ಇನ್ನೂ ಕೆಟ್ಟದ್ದು. ಪಕ್ಕದ ಗುಡ್ಡೆ ಇತ್ತಲ್ಲ, ಹಸಿ ಮರದ್ದು. ಅದನ್ನ ಹಾಕಿದ್ರೆ ಏನೂ ಆಗ್ತಿರಲಿಲ್ಲ.”

ಬಸ್ಸಿನಲ್ಲಿ ಎರ್ಮಿಂದಾ ಕಿಟಕಿಗೆ ತಲೆಯಾನಿಸಿ ಕೂತಳು. ಹೆದರಿಕೆಯಾಗಿತ್ತು, ನಿಜ. ಆದರೆ ಹೆದರಿಕೆಗಿಂತ ಮೊದಲು ಕಣ್ಣಿಗೆ ಬಂದದ್ದು ನೋಲ್ಫಾಳ ಮುಖ. ಈಗ ಹೋಗಿ ಚಕ್ಕೆ ಬಳಿಯಲು ಕೂತರೆ ಅವಳು ಬೇಲಿಯಾಚೆಯಿಂದ ನೋಡುತ್ತಾಳೆ. “ಯಾಕಕ್ಕಾ, ಏನಾಯ್ತು?” ಎಂದು ಜೇನು ಸುರಿಸುತ್ತ ಕೇಳುತ್ತಾಳೆ. ನಾಳೆ ಹಬ್ಬದ ಮೇಜಿನಲ್ಲಿ ಅದೇ ಮಾತು. ಹೂಜಿ ಹೋದರೂ ಹೋಗಲಿ, ಆ ಮಾತು ಬೇಡ. ನಾಳೆ ಒಂದು ದಿನ ಕಳೆಯಲಿ, ಆಮೇಲೆ ಯಾರಿಗೂ ಕಾಣದ ಹಾಗೆ ತೆಗೆದರಾಯಿತು. ಹುಲ್ಲು ಹಾಸಿದ ಕೆಳಗಿನ ಸಾಲಿನಿಂದ ಬಟ್ಟಲಿಗೆ ಹಣ್ಣು ಕಿತ್ತರಾಯಿತು. ಚಿಕ್ಕದಾದರೂ ಹಣ್ಣು ಹಣ್ಣೇ. ಮೇಲಿನ ಸಾಲಿನ ಹಣ್ಣನ್ನು ಯಾರೂ ಮುಟ್ಟುವುದಿಲ್ಲ. ಹೀಗೆ ಲೆಕ್ಕ ಹಾಕಿ, ತಾನು ಮಾಡುತ್ತಿರುವುದರಲ್ಲಿ ತಪ್ಪೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮಾಮಿತಾಳನ್ನು ಮಾತ್ರ ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಬ್ಬದ ದಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮುದುಕಿ ಮನೆಯೊಳಗೆ ಕಾಲಿಡಲಿಲ್ಲ. ಕೋಲಿನಿಂದ ಗುಡ್ಡದ ಕಡೆ ತೋರಿಸಿದಳು. “ಈ ಸಲ ಬಟ್ಟಲೂ ಬೇಡ, ಗಿಟ್ಟಲೂ ಬೇಡ. ನೀವಿಬ್ರೂ ಆರಿಸಿ ಆರಿಸಿ ತಂದು ನನ್ನ ಕಣ್ಣಿಗೆ ಮಣ್ಣು ಹಾಕ್ತೀರ. ನಾನೇ ಗಿಡದಿಂದ ತಿಂದು ನೋಡ್ತೀನಿ. ಎವರಿಸ್ತೋ, ಕುರ್ಚಿ ತಗೋ.”

“ಮಂಡಿ ನೋವು ಮಾಮಿತಾ, ಯಾಕೆ ಸುಮ್ನೆ...” ಎಂದಳು ಎರ್ಮಿಂದಾ.

“ಮಂಡಿ ನಂದು, ನಿಂಗೇನು ಕಷ್ಟ?”

ಗಂಡುಮಕ್ಕಳಿಬ್ಬರೂ ಅವಳನ್ನು ಹಿಡಿದು ಹತ್ತಿಸಿದರು. ಸೊಸೆಯರಿಬ್ಬರೂ ಹಿಂದೆ. ಕೆಳಗಿನ ಸಾಲಿನ ಹತ್ತಿರ ಎರ್ಮಿಂದಾ, “ಇಲ್ಲಿ ನೋಡಿ ಮಾಮಿತಾ, ಇಲ್ಲಿ,” ಎಂದು ಬಡಬಡಿಸಿದಳು. ಮುದುಕಿ ಆ ಕಡೆ ತಿರುಗಿಯೂ ನೋಡಲಿಲ್ಲ. ಬೇಲಿಯ ಪಕ್ಕದ ಮೇಲಿನ ಸಾಲಿಗೆ ಬಂದು ನಿಂತಳು. ಬೆಳಗಿನ ಬಿಸಿಲಿಗೆ ಆ ಸಾಲಿನಿಂದ ಏಳುತ್ತಿದ್ದ ಪರಿಮಳ ಎಲ್ಲರಿಗೂ ಬಡಿಯಿತು. ಬೆಲಾರ್ಮಿನೋ ಸೀಟಿ ಹೊಡೆದ. “ಅತ್ತಿಗೆ, ಇದೇನು ಅತ್ತರು ಚೆಲ್ಲಿದ್ದೀರಾ?”

ಮಾಮಿತಾ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಮೂಸಿದಳು. “ಇದು,” ಎಂದಳು. “ನನ್ನಮ್ಮನ ಕಾಲದ ಘಮ ಇದು. ಎರ್ಮಿಂದಾ, ಗೆದ್ದೆ ಬಿಡು.”

ಒಂದು ವರ್ಷದಿಂದ ಎರ್ಮಿಂದಾ ಕನಸಿನಲ್ಲೂ ಕೇಳಿಸಿಕೊಂಡ ಮಾತು ಅದು. ಅವಳ ಕಣ್ಣು ತಂತಾನೇ ನೋಲ್ಫಾಳ ಕಡೆ ಹೋಯಿತು. ನೋಲ್ಫಾಳ ಮುಖದಲ್ಲಿ ರಕ್ತವಿರಲಿಲ್ಲ. ಆ ಮುಖವನ್ನು ನೋಡಿ ಎರ್ಮಿಂದಾಳಿಗಾದ ಸುಖವನ್ನು ಹೇಳಲು ಬಾರದು. ಅವಳು ಅದನ್ನು ಕಣ್ತುಂಬ ಕುಡಿದಳು. ಅಷ್ಟರಲ್ಲಿ ಮುದುಕಿ ಬಗ್ಗಿ, ಚಕ್ಕೆಯ ಮೇಲೆ ಒರಗಿದ್ದ ದಪ್ಪ ಹಣ್ಣೊಂದನ್ನು ಕಿತ್ತು, ಅಂಟಿದ ಪುಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಬಾಯಿಗೆ ಒಯ್ದಳು. ಹೇಳಬೇಕು. ಈಗ ಹೇಳಬೇಕು. ಒಂದು ಹಣ್ಣಿಗೆ ಯಾರೂ ಸಾಯುವುದಿಲ್ಲವಲ್ಲ. ಎದುರಿಗೆ ನೋಲ್ಫಾಳ ತುಟಿ ಅಲುಗಿತು.

“ತಿನ್ಬೇಡಿ ಮಾಮಿತಾ!”

ಇಬ್ಬರೂ ಒಟ್ಟಿಗೆ ಕೂಗಿದ್ದರು. ಮುದುಕಿಯ ಕೈಯಿಂದ ಹಣ್ಣು ಜಾರಿ ಮಡಿಲಿಗೆ ಬಿತ್ತು.

ಎರ್ಮಿಂದಾ ಓರಗಿತ್ತಿಯನ್ನು ನೋಡಿದಳು, ಓರಗಿತ್ತಿ ಇವಳನ್ನು ನೋಡಿದಳು. ಇವಳಿಗೆ ಗೊತ್ತಿತ್ತು! ಇಬ್ಬರ ಕಣ್ಣಲ್ಲೂ ಅದೇ ಇತ್ತು.

“ಏನಾಗಿದೆ ಈ ಹಣ್ಣಿಗೆ?” ಎಂದಳು ಮಾಮಿತಾ.

ಎರ್ಮಿಂದಾ ಹೇಳಿದಳು. ಡಿಪೋ, ದಾರಿ ಎಂಬ ಸುಳ್ಳು, ಮದ್ದು ಕುಡಿಸಿದ ಮರ, ಎಲ್ಲ. ಹೇಳುವಾಗ ತಲೆ ಎತ್ತಲಿಲ್ಲ.

“ನಿಂಗೆ ಯಾವಾಗ ಗೊತ್ತಾಯ್ತು?”

“ನಿನ್ನೆ.”

“ನಿನ್ನೆ ಗೊತ್ತಾಗಿ, ಇವತ್ತು ನಾನು ಬಾಯಿ ತೆರೆಯೋ ತನಕ ಕಾದೆ.” ಮುದುಕಿ ಕೋಲನ್ನು ಇನ್ನೊಬ್ಬಳ ಕಡೆ ತಿರುಗಿಸಿದಳು. “ನಿಂಗೆ?”

ನೋಲ್ಫಾ ಏಪ್ರನ್ನಿನ ತುದಿ ಹಿಸುಕಿದಳು. “ತಂದು ಹಾಸಿದ ದಿನಾನೇ. ಬಣ್ಣ ನೋಡಿದ್ರೆ ನಂಗೆ ಗೊತ್ತಾಗತ್ತೆ ಮಾಮಿತಾ, ನಾನು ಬೆಳೆದದ್ದೇ ಅದ್ರ ಪಕ್ಕ. ಹೇಳೋಕೆ ಹೋದೆ. ಅಕ್ಕ ಹೊಟ್ಟು ತಿಂದೋಳು ಅಂದ್ರು. ಹಾಗಿದ್ರೆ ತಿನ್ಲಿ ಅಂದ್ಕೊಂಡೆ.” ಅವಳ ದನಿ ಒಡೆಯಿತು. “ಆಮೇಲೆ ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಇವರ ಮುಖದಲ್ಲಿ ಆ ಜಂಬ ನೋಡಿದಾಗೆಲ್ಲ ನಾಲಿಗೆ ಏಳ್ತಾನೇ ಇರಲಿಲ್ಲ.”

ಮುದುಕಿ ಮಡಿಲಿನ ಹಣ್ಣನ್ನು ಕೋಲಿನ ತುದಿಯಿಂದ ಕೆಳಕ್ಕೆ ತಳ್ಳಿದಳು. “ನಂಗೆ ಇಬ್ರು ಸೊಸೆಯಂದಿರು ಅಂದ್ಕೊಂಡಿದ್ದೆ. ಇರೋದು ಒಬ್ಳೇ. ಎರಡು ಸಲ ಹುಟ್ಟಿದ್ದಾಳೆ,” ಎಂದು ಎದ್ದಳು.

ಆ ವರ್ಷದ ಹೂಜಿಗೆ ಬಿದ್ದದ್ದು ಅಂಗಡಿಯಿಂದ ತಂದ ಡಬ್ಬಿಯ ಪೀಚ್ ಹಣ್ಣು. ಮಾಮಿತಾ ತನ್ನ ಕೈಯಾರೆ ಡಬ್ಬಿ ಒಡೆದು ಸುರಿದಳು. ಎಲ್ಲರೂ ಒಂದೊಂದು ಲೋಟ ಕುಡಿದರು. ಎವರಿಸ್ತೋ ಕೂಡ ಎರಡನೇ ಲೋಟ ಕೇಳಲಿಲ್ಲ.

ಮಾರನೇ ದಿನ ಎರ್ಮಿಂದಾ ಗುದ್ದಲಿ, ಚೀಲ ಹಿಡಿದು ಗುಡ್ಡ ಹತ್ತಿದಾಗ ನೋಲ್ಫಾ ಆಗಲೇ ಅಲ್ಲಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಇನ್ನೊಂದು ಬಟ್ಟೆಯನ್ನು ಎರ್ಮಿಂದಾಳ ಕಡೆ ಚಾಚಿದಳು. ಇಬ್ಬರೂ ಚಕ್ಕೆ ಬಳಿದು ಚೀಲಕ್ಕೆ ತುಂಬಿದರು, ಗಿಡಗಳನ್ನು ಹಣ್ಣು ಸಮೇತ ಕಿತ್ತರು, ಮೇಲಿನ ಮಣ್ಣನ್ನು ಒಂದು ಗೇಣು ಆಳಕ್ಕೆ ಎತ್ತಿದರು. ಚೀಲಗಳನ್ನು ಮುನಿಸಿಪಾಲಿಟಿಯ ವಿಷದ ಕಸದ ಗಾಡಿಗೆ ಕೊಡುವುದೆಂದು ಬೆಲಾರ್ಮಿನೋ ವಿಚಾರಿಸಿಕೊಂಡು ಬಂದಿದ್ದ. ಎರ್ಮಿಂದಾ ತನ್ನ ಕೈಯಾರೆ ಬೆಳೆಸಿದ ಗಿಡ ಕೀಳುವಾಗ ಅತ್ತಳು. ನೋಲ್ಫಾ ಅದನ್ನು ನೋಡದವಳ ಹಾಗೆ ಬೆನ್ನು ತಿರುಗಿಸಿಕೊಂಡಳು.

ಕೆಲಸ ಮುಗಿದ ಮೇಲೆ ನೋಲ್ಫಾ ತನ್ನ ಸಾಲಿನಿಂದ ಒಂದು ಬುಟ್ಟಿ ಎಳೆ ಹಂಬು ತಂದಿಟ್ಟಳು. ಬೇರೆ ಕಡೆ ಹೊಸ ಸಾಲು ಹಾಕಲು. ಬುಟ್ಟಿಯಲ್ಲಿ ನಾಲ್ಕು ಸೊರಗಿದ ಹಂಬಾದರೂ ಇದ್ದಿದ್ದರೆ ಎರ್ಮಿಂದಾಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೆದಕಿ ನೋಡಿದಳು. ಒಂದೂ ಇರಲಿಲ್ಲ. ಎಲ್ಲ ಅಚ್ಚುಕಟ್ಟಾಗಿ ಬೇರು ಬಿಟ್ಟವು, ಆರಿಸಿ ತಂದವು.

“ನಿನ್ನೆ,” ಎಂದಳು ಎರ್ಮಿಂದಾ, ಬುಟ್ಟಿಯನ್ನೇ ನೋಡುತ್ತ. “ಮೊದ್ಲು ಕೂಗಿದ್ದು ನಾನು.”

“ಒಟ್ಟಿಗೇ ಅಲ್ವಾ ಅಕ್ಕಾ?”

“ಇಲ್ಲ. ನಾನೇ ಮೊದ್ಲು.”

ನೋಲ್ಫಾ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. “ಸರಿ ಅಕ್ಕಾ. ನೀವೇ ಮೊದ್ಲು,” ಎಂದು ಗುದ್ದಲಿ ಹೆಗಲಿಗಿಟ್ಟು ಇಳಿದುಹೋದಳು.

ಎರ್ಮಿಂದಾ ಅಗೆದ ಮಣ್ಣಿನ ಪಕ್ಕ ಕೂತಳು. ಓರಗಿತ್ತಿಗೆ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಮುದುಕಿಯ ಕೈ ಬಾಯಿಗೆ ಹೋಗುವುದನ್ನು ನೋಡಿಯೂ ಅವಳ ಗಂಟಲು ತೆರೆದಿರಲಿಲ್ಲ. ತೆರೆದದ್ದು ನೋಲ್ಫಾಳ ತುಟಿ ಅಲುಗಿದ ಮೇಲೆ. ಅತ್ತೆಯನ್ನು ಉಳಿಸಿದ ಹೆಸರೂ ನೋಲ್ಫಾಳಿಗೇ ಹೋಗುತ್ತದಲ್ಲ ಎಂದು ತಡೆಯಲಾಗದೆ ಕೂಗಿದ್ದಳು. ಅವಳು ಎದ್ದು ಬುಟ್ಟಿಯನ್ನು ಗುಡ್ಡದ ಇನ್ನೊಂದು ಬದಿಯ ಹೊಸ ಜಾಗಕ್ಕೆ ಒಯ್ದು, ನೋಲ್ಫಾಳ ಹಂಬುಗಳನ್ನು ಒಂದೊಂದಾಗಿ ನೆಡತೊಡಗಿದಳು.